ಎಲ್ಲರಿಗೂ ಕೆಲಸ ಸಿಕ್ಕಿದೆ ಅಂದ ಊರು

"ಕೊನೆಯ ಹೆಂಗಸಿಗೂ ಕೆಲಸ ಸಿಗೋವರೆಗೆ ಈ ಸೆಂಟರ್ ಬಾಗಿಲು ಹಾಕಲ್ಲ... ಇದು ನನ್ನ ಮಾತು."

ಮೂರು ವರ್ಷದ ಹಿಂದೆ ವಾರಿಜಾ ಮೇಡಂ ಹೀಗೆ ಅಂದಾಗ, ಎದುರಿಗೆ ಚಾಪೆಯ ಮೇಲೆ ಕೂತಿದ್ದ ಹೆಂಗಸರಲ್ಲಿ ಅರ್ಧ ಜನ ನಂಬಲಿಲ್ಲ. ಚಿಕ್ಕತಾಯಮ್ಮ ನಂಬಿದಳು.

ನಂಬದೆ ಬೇರೆ ದಾರಿಯೂ ಇರಲಿಲ್ಲ...

ಮೈಸೂರು ರಸ್ತೆ ಬದಿಯ ಆ ಸಣ್ಣ ಊರಿನಲ್ಲಿ ಇದ್ದದ್ದು ಒಂದೇ ಗಾರ್ಮೆಂಟ್ಸ್. ಒಂದು ಬೆಳಗ್ಗೆ ಹೆಂಗಸರು ಊಟದ ಡಬ್ಬಿ ಹಿಡಿದು ಹೋದರೆ ಗೇಟಿಗೆ ಬೀಗ!

ಕೆಲಸ ಹೋದವರಿಗೆ ಹೊಸ ಕೆಲಸ ಕಲಿಸಿ, ಎಲ್ಲಾದರೂ ಸೇರಿಸಲಿ ಎಂದು ಸರ್ಕಾರ ಅಲ್ಲೊಂದು ತರಬೇತಿ ಕೇಂದ್ರ ತೆರೆಯಿತು. ವಾರಿಜಾ ಮೇಡಂ ಅದನ್ನು ನಡೆಸಲು ಬಂದವರು.

ಮೇಡಂ ಕುರ್ಚಿಗೆ ಅಂಟಿಕೊಂಡು ಕೂರುವವರಲ್ಲ. ಸ್ಕೂಟಿ ಹತ್ತಿ ಹಾಸ್ಟೆಲ್, ಆಸ್ಪತ್ರೆ, ಬೇಕರಿ ಎಲ್ಲ ಸುತ್ತಿ, "ನಮ್ಮ ಹೆಂಗಸರನ್ನ ಒಂದ್ಸಲ ನೋಡಿ" ಎಂದು ಬೇಡುತ್ತಿದ್ದರು.

ಚಿಕ್ಕ ವಯಸ್ಸಿನವರಿಗೆ ಬೇಗ ಕೆಲಸ ಸಿಕ್ಕಿತು. ನಲವತ್ತು ದಾಟಿದವರು ಹಾಗೇ ಉಳಿದರು...

ಚಿಕ್ಕತಾಯಮ್ಮನಿಗೆ ಗಂಡನಿಲ್ಲ. ಮಗಳು ಪಿಯುಸಿ ಓದುತ್ತಿದ್ದಳು. ಕಬ್ಬಿನ ಗದ್ದೆಯ ಕೂಲಿ ಒಂದು ದಿನ ಉಂಟು, ಒಂದು ದಿನ ಇಲ್ಲ. ತಿಂಗಳ ಸಂಬಳದ ಕೆಲಸ ಒಂದು ಸಿಕ್ಕರೆ ಸಾಕಿತ್ತು.

"ಆಸ್ಪತ್ರೆ ಲಾಂಡ್ರಿಗೆ ಜನ ಬೇಕಂತೆ. ಮಾತಾಡ್ತಾ ಇದೀನಿ, ಸ್ವಲ್ಪ ತಡ್ಕೊಳ್ಳಿ ಚಿಕ್ಕತಾಯಮ್ಮ," ಅನ್ನುತ್ತಿದ್ದರು ಮೇಡಂ.

ಅಷ್ಟರಲ್ಲಿ ಸುದ್ದಿ ಬಂತು. ಯೋಜನೆಯಿಂದ ಉಪಯೋಗವಾಯಿತೋ ಇಲ್ಲವೋ ಎಂದು ಮೌಲ್ಯಮಾಪನ ಮಾಡಲು ಬೆಂಗಳೂರಿನಿಂದ ಬರುತ್ತಾರೆ, ಮನೆ ಮನೆಗೂ ಬಂದು ಕೇಳುತ್ತಾರೆ...

"ಅಯ್ಯೋ, ಆಡಿಟ್ ಕಣಕ್ಕ ಇದು!" ನಲ್ಲಿಯ ಹತ್ತಿರ ಬಿಂದಿಗೆ ಇಳಿಸಿ ಮುಬೀನಾ ಅಂದಳು. ಅವಳೂ ಗಾರ್ಮೆಂಟ್ಸ್‌ನವಳೇ, ಅವಳಿಗೂ ಕೆಲಸ ಸಿಕ್ಕಿರಲಿಲ್ಲ.

ಗಾರ್ಮೆಂಟ್ಸ್‌ನಲ್ಲಿ ದುಡಿದವರಿಗೆ ಆಡಿಟ್ ಅಂದರೆ ಬಿಡಿಸಿ ಹೇಳಬೇಕಿಲ್ಲ. ಫಾರಿನ್ ಕಂಪನಿಯವರು ನೋಡಲು ಬರುವ ಮುಂಚೆ ಸೂಪರ್‌ವೈಸರ್ ಬಂದು ಪಾಠ ಒಪ್ಪಿಸಿಕೊಳ್ಳುತ್ತಿದ್ದ.

ರಜೆ ಕೊಡ್ತಾರಾ? ಕೊಡ್ತಾರೆ. ನೀರು ಹೇಗಿದೆ? ಚೆನ್ನಾಗಿದೆ. ಬೈತಾರಾ? ಇಲ್ಲವೇ ಇಲ್ಲ...

ಯಾರಾದರೂ ಬಾಯಿ ತಪ್ಪಿ ನಿಜ ಹೇಳಿದರೆ ಆರ್ಡರ್ ಹೋಗುತ್ತೆ. ಎಲ್ಲರ ಅನ್ನವೂ ಹೋಗುತ್ತೆ. ವರ್ಷಗಟ್ಟಲೆ ಕಲಿತ ಪಾಠ ಅದು.

"ಕೆಲ್ಸ ಸಿಕ್ಕಿಲ್ಲ ಅಂದ್ರೆ ಮೇಡಮ್ಮೋರ ತಲೆ ಮೇಲೆ ಬತ್ತದೆ. ಸೆಂಟ್ರೇ ಮುಚ್ಚಿಬುಡ್ತಾರೆ," ಅಂದಳು ಮುಬೀನಾ.

"ಮತ್ತೆ ನಾನೇನಂತ ಹೇಳ್ಲೇ?" ಕೇಳಿದಳು ಚಿಕ್ಕತಾಯಮ್ಮ.

"ನೀನು ಬೇಕರೀಲಿ ಇವ್ನಿ ಅನ್ನಕ್ಕ. ಹೆಂಗೂ ಮೊಕ ಬನ್ನು ಇದ್ದಂಗೈತೆ!"

ನಲ್ಲಿ ಸುತ್ತ ನಿಂತವರೆಲ್ಲ ನಕ್ಕರು. ನಗುತ್ತಲೇ ಒಬ್ಬೊಬ್ಬರೂ ತಮಗೊಂದು ಕೆಲಸ ಹಂಚಿಕೊಂಡರು...

ಚಿಕ್ಕತಾಯಮ್ಮನ ಮನೆಗೆ ಬಂದದ್ದು ಅನಘಾ ಎಂಬ ಹುಡುಗಿ. ಜಗುಲಿಯ ಮೇಲೆ ಕೂತು, ಕೊಟ್ಟ ಕಾಫಿ ಕುಡಿದು, ಮೆಲ್ಲಗೆ ಕೇಳಿದಳು.

"ಕೆಲಸ ಸಿಗದಿದ್ರೂ ಪರವಾಗಿಲ್ಲಮ್ಮ. ಇದ್ದಿದ್ದು ಇದ್ದ ಹಾಗೆ ಹೇಳಿ."

ಆಡಿಟ್‌ನವರೂ ಹೀಗೇ ನಯವಾಗಿ ಕೇಳುತ್ತಿದ್ದರಲ್ಲ ಎಂದುಕೊಂಡಳು ಚಿಕ್ಕತಾಯಮ್ಮ. ಕಬ್ಬಿನ ಸೋಗೆ ತಾಗಿ ಗಾಯವಾಗಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಸಿಕ್ಕದೆ ಕಣವ್ವ, ಬೇಕರೀಲಿ. ಮೇಡಮ್ಮೋರೇ ಸೇರಿಸುದ್ರು... ದೇವ್ರಂಥೋರು."

ಕೆಲವು ತಿಂಗಳ ಮೇಲೆ ಸೆಂಟರ್ ಮುಂದೆ ಶಾಮಿಯಾನ ಎದ್ದಿತು. ಮೇಡಂಗೆ ಸನ್ಮಾನ! ಚಿಕ್ಕತಾಯಮ್ಮ ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ಬಂದಳು.

ದೊಡ್ಡ ಅಧಿಕಾರಿ ಶಾಲು ಹೊದಿಸಿ ಮೈಕ್ ಹಿಡಿದರು.

"ಇವರ ವಿನಯ ನೋಡಿ! ಇನ್ನೂ ಬಹಳ ಜನಕ್ಕೆ ಕೆಲಸ ಸಿಗಬೇಕು ಅಂತ ಇವರು ಬರೆದಿದ್ದರು. ಮೌಲ್ಯಮಾಪನದ ವರದಿ ನೋಡಿದರೆ, ಎಲ್ಲರಿಗೂ ಸಿಕ್ಕಿದೆ!"

ಚಪ್ಪಾಳೆಯೋ ಚಪ್ಪಾಳೆ...

"ಹಾಗಾಗಿ ಇಲ್ಲಿ ಈ ಕೇಂದ್ರದ ಕೆಲಸ ಮುಗಿದಿದೆ. ಮುಂದಿನ ತಿಂಗಳಿಂದ ಇದನ್ನು ಬೇರೆ ತಾಲ್ಲೂಕಿಗೆ ವರ್ಗಾಯಿಸುತ್ತಿದ್ದೇವೆ."

ಚಿಕ್ಕತಾಯಮ್ಮನ ಕೈ ಚಪ್ಪಾಳೆಯ ನಡುವೆಯೇ ನಿಂತಿತು. ವೇದಿಕೆಯ ಮೇಲೆ ಮೇಡಂ ಮುಖ ಬಿಳುಚಿಕೊಂಡಿತ್ತು.

ಹೇಗೆ ಎದ್ದು ನಿಂತಳೋ ಅವಳಿಗೇ ಗೊತ್ತಿಲ್ಲ.

"ಸಾ... ನಂಗೆ ಕೆಲ್ಸ ಸಿಕ್ಕಿಲ್ಲ ಸಾ."

"ಸಿಕ್ಕಿದೆ ಅಂತ ನೀವೇ ಹೇಳಿದ್ದೀರಲ್ಲಮ್ಮ?" ಅಂದರು ಅಧಿಕಾರಿ.

"ಸುಳ್ಳು ಹೇಳ್ದೆ ಸಾ. ನಿಜ ಹೇಳುದ್ರೆ ಮೇಡಮ್ಮೋರ್ಗೆ ತೊಂದ್ರೆ ಆಯ್ತದೆ ಅಂತ..."

ಹಿಂದೆಯೇ ಮುಬೀನಾ ಎದ್ದಳು. "ನಂಗೂ ಇಲ್ಲ ಸಾ." ಆಮೇಲೆ ಇನ್ನೊಬ್ಬಳು... ಮತ್ತೊಬ್ಬಳು...

ಮೂಲೆಯಲ್ಲಿ ಕೂತಿದ್ದ ಅನಘಾ ಎದ್ದು ಬಂದಳು.

"ಅಮ್ಮ, ವಯಸ್ಸಾದವರಿಗೆ ಕೆಲಸ ಸಿಗ್ತಿಲ್ಲ ಅಂತ ಒಬ್ಬರು ಹೇಳಿದ್ರೂ ಸಾಕಿತ್ತು... ಸೆಂಟರ್ ಇನ್ನೂ ಎರಡು ವರ್ಷ ಇಲ್ಲೇ ಇರಲಿ ಅಂತ ಬರೀತಿದ್ದೆ. ಅದನ್ನ ತಿಳ್ಕೊಳ್ಳೋಕೇ ನಾನು ಬಂದಿದ್ದು."

ಮೇಡಂ ವೇದಿಕೆ ಇಳಿದು ಬಂದು ಚಿಕ್ಕತಾಯಮ್ಮನ ಗಾಯದ ಕೈ ಹಿಡಿದುಕೊಂಡರು.

"ಯಾಕ್ರೇ ಹಿಂಗ್ ಮಾಡಿದ್ರಿ? ನನ್ನ ಉಳಿಸೋಕೆ ಹೋಗಿ ನಿಮ್ಮ ದಾರೀನೇ ಕಳಕೊಂಡ್ರಲ್ಲೇ..."

ಇಬ್ಬರೂ ಬಿಕ್ಕಿ ಬಿಕ್ಕಿ ಅತ್ತರು.

ವರದಿ ಆಗಲೇ ಅಂಗೀಕಾರವಾಗಿತ್ತು. "ಹೊಸದಾಗಿ ಮನವಿ ಕೊಡಿ, ನೋಡೋಣ," ಅಂದರು ಅಧಿಕಾರಿ. ಕೊಟ್ಟರು. ಮೇಡಂ ಕಚೇರಿಯಿಂದ ಕಚೇರಿಗೆ ಅಲೆದರು. ಉತ್ತರ ಬರುವ ಮೊದಲೇ ಟೆಂಪೋ ಬಂದು ಸೆಂಟರ್‌ನ ಸಾಮಾನೆಲ್ಲ ತುಂಬಿಕೊಂಡು ಹೋಯಿತು.

ಚಿಕ್ಕತಾಯಮ್ಮ ಇವತ್ತಿಗೂ ಕಬ್ಬಿನ ಗದ್ದೆಗೇ ಹೋಗುತ್ತಾಳೆ.

ಸೆಂಟರ್ ಬಾಗಿಲು ಹಾಕಿದೆ. ವಾರಿಜಾ ಮೇಡಂ ಕೊಟ್ಟ ಮಾತು ನಡೆಯಲಿಲ್ಲ.

*ಪ್ರೀತಿಯಿಂದ ಹೇಳಿದ ಸುಳ್ಳು ಕೂಡ, ಸಹಾಯಕ್ಕೆ ಬಂದವರನ್ನು ಬಾಗಿಲಿಂದಲೇ ವಾಪಸ್ ಕಳಿಸಿಬಿಡುತ್ತದೆ.*

ನಿಜ ಹೇಳಿದರೆ ಅನ್ನ ಹೋಗುತ್ತದೆ ಎಂಬ ಭಯವನ್ನು ನಮ್ಮ ಮನೆಯಲ್ಲಿ, ನಮ್ಮ ಆಫೀಸಿನಲ್ಲಿ ನಾವು ಯಾರಿಗೆಲ್ಲ ಕಲಿಸುತ್ತಿದ್ದೇವೆ... ಒಮ್ಮೆಯಾದರೂ ಯೋಚಿಸಿದ್ದೀರಾ?