ಹದಿನಾಲ್ಕನೇ ರೂಮಿನ ಸಪ್ಪಳ

ಧಾರವಾಡದ ಆ ಹಾಸ್ಟೆಲಿನ ಗೋಡೆಗಳು, ಎಲ್ಲ ಊರಿನ ಗೋಡೆಗಳಂತೆ, ಕೇಳಿದ ಸದ್ದನ್ನು ಹಿಡಿದಿಟ್ಟುಕೊಂಡು ಆಗಾಗ ತಾವೇ ನುಡಿಯುತ್ತಿದ್ದವು. ಅದಕ್ಕೇ ಯಾರಾದರೂ ರೂಮು ಬಿಟ್ಟರೆ ಉಳಿದವರು ಅವರ ಸದ್ದನ್ನೆಲ್ಲ ಅಳಿಸಬೇಕಿತ್ತು. ಸುಗಂಧಾಳ ರೂಮ್‌ಮೇಟ್ ಶಾಹೀನ್ ಕೋರ್ಸ್ ಮುಗಿಸಿ ಬೀದರಿಗೆ ಹೋಗಿ ಎರಡು ದಿನವಾಗಿತ್ತು.

"ಸುಗಂಧಾ, ಹಳೇ ಸಪ್ಪಳಾ ಅಳಿಸಿದೇನವಾ? ಸಂಜಿಗೆ ಹೊಸಾಕಿ ಬರ್ತಾಳ," ವಾರ್ಡನ್ ಬಾಗಿಲಾಚೆಯಿಂದ ಕೂಗಿದರು.

"ಅಳಸಾಕತ್ತೀನ್ರಿ ಅಕ್ಕಾರ!"

ಸುಗಂಧಾ ಲ್ಯಾಪ್‌ಟಾಪಿನಲ್ಲಿ, ಗೋಡೆ ಹಿಡಿದಿಟ್ಟ ಸದ್ದುಗಳೆಲ್ಲ ಸೇರುವ ರೂಮಿನ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಇಲ್ಲೇ ಕಮಾಂಡ್ ಪ್ರಾಂಪ್ಟ್ ತೆರೆ' ಒತ್ತಿದಳು. ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ ತೆರೆದುಕೊಂಡಿತು. ಅದರಲ್ಲಿ ಶಾಹೀನಳ ಹಾಡು, ಬೈಗುಳ, ಕೆಮ್ಮು ಎಲ್ಲವನ್ನೂ ಒಂದೊಂದಾಗಿ ಅಳಿಸಿದಳು. ನಗುವಿನ ಹತ್ತಿರ ಬೆರಳು ನಿಂತಿತು. ಅದೂ ಹೋದರೆ ರೂಮಿನಲ್ಲಿ ಫ್ಯಾನಿನ ಸದ್ದೊಂದೇ ಉಳಿಯುತ್ತಿತ್ತು. ಅಳಿಸುವ ಬದಲು ಅದನ್ನು ಬಚ್ಚಿಟ್ಟಳು. ಬಚ್ಚಿಟ್ಟ ಸದ್ದನ್ನು ಗೋಡೆ ತಾನಾಗಿ ನುಡಿಯುವುದಿಲ್ಲ. ಹೆಸರು ಟೈಪ್ ಮಾಡಿ ಕರೆದರೆ ಮಾತ್ರ ಕೇಳುತ್ತದೆ.

ಸರಿಯಾಗಿ ಅಡಗಿತೋ ಇಲ್ಲವೋ ಎಂದು ಬಚ್ಚಿಟ್ಟವುಗಳ ಪಟ್ಟಿ ತೆಗೆದಳು. ಎರಡು ಹೆಸರು ಬಂದವು. ಒಂದು ನಗು. ಇನ್ನೊಂದನ್ನು ಮೂರು ವರ್ಷದ ಹಿಂದೆಯೇ ಶಾಹೀನ್ ಬಚ್ಚಿಟ್ಟಿದ್ದಳು: 'ಸುಗಂಧಾ, ಮೊದಲ ವಾರದ ಅಳು'.

ಹಾಸ್ಟೆಲಿಗೆ ಬಂದ ಹೊಸದರಲ್ಲಿ ಮುಸುಕು ಹಾಕಿಕೊಂಡು ಅತ್ತಿದ್ದ ಆ ಅಳುವನ್ನು ಗೋಡೆ ಒಮ್ಮೆಯೂ ಯಾಕೆ ಹೊರಗೆ ಹಾಕಲಿಲ್ಲ ಎಂದು ಸುಗಂಧಾ ಎಷ್ಟೋ ಸಲ ಅಂದುಕೊಂಡಿದ್ದಳು. ಈಗ ಮತ್ತೆ ಮುಸುಕು ಎಳೆದುಕೊಂಡು ಅತ್ತಳು. ಈ ಅಳುವನ್ನು ಬಚ್ಚಿಡುವುದಕ್ಕೆ ಪಕ್ಕದ ಮಂಚದಲ್ಲಿ ಯಾರೂ ಇರಲಿಲ್ಲ.