ಮಳೆ ಪುಸ್ತಕದಲ್ಲಿ ಹನ್ನೊಂದು ‘ಇಲ್ಲ’

“ಬೋರಪ್ಪ, ಈ ಹನ್ನೊಂದು ದಿನ ಮಳೆ ಬಂದಿತ್ತೋ ಇಲ್ವೋ?” ಎಂದು ಮೇಘಶ್ರೀ ಮೇಡಂ ಹಳೆಯ ಮಳೆ ಪುಸ್ತಕವನ್ನು ಬೋರಪ್ಪನ ಮುಂದಿಟ್ಟು ಕೇಳಿದಳು. ದುದ್ದದ ಹತ್ತಿರ ವಿಶ್ವವಿದ್ಯಾಲಯದ ಪ್ರಯೋಗದ ಹೊಲದಲ್ಲಿ ಇಪ್ಪತ್ತೆರಡು ವರ್ಷದಿಂದ ಮಳೆ ಅಳೆದು ಬರೆಯುತ್ತಿದ್ದವನು ಅವನು. ಅಷ್ಟು ವರ್ಷವೂ ಆ ಪುಸ್ತಕಗಳನ್ನು ಇಲಿಗಳ ಹೊರತು ಬೇರೆ ಯಾರೂ ಮುಟ್ಟಿರಲಿಲ್ಲ.

ಈಗ ವಿಶ್ವವಿದ್ಯಾಲಯ ರಾಷ್ಟ್ರೀಯ ಸಂಶೋಧನಾ ದತ್ತಾಂಶ ಜಾಲಕ್ಕೆ ಸೇರಿತ್ತು. ದೇಶದ ಯಾವ ಮೂಲೆಯವರಿಗೂ ಸಿಗುವಂತೆ ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ ಮೇಘಶ್ರೀಯದು. ಅವಳು ಕಳಿಸಿದ್ದಕ್ಕೆ ಜಾಲದ ದೆಹಲಿ ಕಚೇರಿಯಿಂದ ಒಂದು ಪ್ರಶ್ನೆ ಬಂದಿತ್ತು. 2014ರ ಜುಲೈನಲ್ಲಿ ಸುತ್ತಮುತ್ತೆಲ್ಲ ಮಳೆ ಸುರಿದಿದೆ, ಇಲ್ಲಿ ಮಾತ್ರ ಹನ್ನೊಂದು ದಿನ ‘ಇಲ್ಲ’. ಮಳೆ ಇಲ್ಲವೆಂದೋ, ಅಳೆದಿಲ್ಲವೆಂದೋ? ಉತ್ತರ ಸಿಗದಿದ್ದರೆ ಇಪ್ಪತ್ತೆರಡು ವರ್ಷದ ಅಷ್ಟೂ ದಾಖಲೆಯನ್ನು ತೆಗೆದುಕೊಳ್ಳುವುದಿಲ್ಲವಂತೆ.

ಮಳೆ ಇರಲಿಲ್ಲ ಎಂದು ಸುಳ್ಳು ಹೇಳಿಬಿಡೋಣ ಎನ್ನಿಸಿತು ಬೋರಪ್ಪನಿಗೆ. ಕೂತಲ್ಲೇ ಕೂತು ಬರೆದವನು ಅನ್ನಿಸಿಕೊಂಡು ರಿಟೈರಾಗುವುದು ಅವನಿಗೆ ಬೇಕಿರಲಿಲ್ಲ. ಆದರೆ ನಾಲಿಗೆ ಏಳಲಿಲ್ಲ.

“ಮಳೆ ಉಯ್ತಿತ್ತು ಕಣವ್ವ. ಧೋ ಅಂತ ಉಯ್ತಿತ್ತು.”

“ಮತ್ತೆ ‘ಇಲ್ಲ’ ಅಂತ ಯಾಕೆ ಬರೆದ್ರಿ?”

ಬೋರಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ. ಅಳತೆ ಗಾಜಿನ ಸಣ್ಣ ಗೆರೆಗಳು ಅವನ ಬರಿಗಣ್ಣಿಗೆ ಯಾವತ್ತೂ ಕಂಡಿದ್ದಲ್ಲ. ದಿನಾ ಬೆಳಿಗ್ಗೆ ಎಂಟೂವರೆಗೆ ಹೆಂಡತಿ ನಂಜಮ್ಮ ಜೊತೆಗೆ ಬರುವಳು. ಅವಳು ಗಾಜು ಎತ್ತಿ ಹಿಡಿದು ಅಂಕಿ ಕೂಗುವಳು, ಇವನು ಬರೆಯುವನು. ಗೊತ್ತಾದರೆ ಕೆಲಸಕ್ಕೆ ಕುತ್ತು ಬಂದೀತೆಂದು ಇಬ್ಬರೂ ಗುಟ್ಟಾಗಿಟ್ಟಿದ್ದರು. ಆ ಜುಲೈನಲ್ಲಿ ಅವಳು ತೀರಿಕೊಂಡ ಮಾರನೆಯ ದಿನವೂ ಅವನು ಎಂಟೂವರೆಗೆ ಹೋಗಿ ಪುಸ್ತಕ ಹಿಡಿದು ನಿಂತಿದ್ದ. ತಿಥಿ ಮುಗಿಯುವವರೆಗೂ ಹಾಗೇ ಹೋಗಿ ನಿಂತ. ಆಮೇಲೆ ಹಾಸನಕ್ಕೆ ಹೋಗಿ ಕನ್ನಡಕ ಮಾಡಿಸಿಕೊಂಡು ಬಂದ.

“ಕೂಗೋಳು ಇಲ್ಲ ಅಂತ ಬರ್ದೆ ಕಣವ್ವ. ಇನ್ನೇನ್ ಬರೀಲಿ?”

ಮೇಘಶ್ರೀ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. ಹೆದರಬೇಡಿ, ಆ ದಿನಗಳಿಗೆ ‘ಅಳೆದಿಲ್ಲ’ ಎಂದು ಹಾಕಿದರೆ ಸಾಕು, ಮಿಕ್ಕ ವರ್ಷಗಳಿಗೆ ಏನೂ ಆಗುವುದಿಲ್ಲ ಎಂದಳು. ಬೋರಪ್ಪ ತಲೆಯಾಡಿಸಿದ. ಆದರೆ ಕುರ್ಚಿ ಬಿಟ್ಟು ಏಳಲಿಲ್ಲ.

“ಇದ್ನ ಕೇಳಿದ್ದು ಯಾರವ್ವ?”

“ದೆಹಲಿಯವರು. ಯಾರೋ, ಹೆಸರು ಗೊತ್ತಿಲ್ಲ.”

“ಯಾರಾರ ಆಗ್ಲಿ,” ಎಂದ ಬೋರಪ್ಪ. “ಆ ಅನ್ನೊಂದು ದಿನ ಏನಾಗಿತ್ತು ಅಂತ ನನ್ನ ಕೇಳಿದ್ದು ಅವರೊಬ್ರೇ.”