ಇನ್ನೂರ ಹನ್ನೆರಡು ರಾಜಹಂಸಗಳು

ಟಗರು ಗುಮ್ಮಿದ ಹೊಡೆತಕ್ಕೆ ಧರೆಪ್ಪ ಹೋಗಿ ಗುಲಾಲಿನ ಚೀಲದೊಳಗೇ ಕೂತ. ಎದ್ದ. ಹಿಂಬದಿ ಕೊಡವಿಕೊಳ್ಳಲೂ ಇಲ್ಲ, ಮತ್ತೆ ಅದೇ ಟಗರಿನ ಬೆನ್ನಿಗೆ ಗುಲಾಲು ಉಜ್ಜತೊಡಗಿದ. ಪುರುಸೊತ್ತೆಲ್ಲಿ? ಹತ್ತು ಗಂಟೆಗೆ ಬೀಳಗಿಯಿಂದ ಜೀಪು ಬರುವುದಿತ್ತು. ಅಷ್ಟರೊಳಗೆ ಇನ್ನೂರು ಚಿಲ್ಲರೆ ಕುರಿಗಳು ರಾಜಹಂಸಗಳಾಗಬೇಕಿತ್ತು.

ಇವನಿಗೆ ತಲೆ ಕೆಟ್ಟಿತ್ತೇ ಎಂದು ಕೇಳಬೇಡಿ. ಕೆಟ್ಟಿದ್ದು ಬೇರೆಯವರದು. ಹಿನ್ನೀರಿನೊಳಗೆ ಕಂಬ ನೆಟ್ಟು ನಲವತ್ತು ಗಾಳಿಯಂತ್ರ ನಿಲ್ಲಿಸುತ್ತೇವೆಂದು ಕಂಪನಿಯೊಂದು ಅರ್ಜಿ ಹಾಕಿತ್ತು. ಬೇಸಿಗೆಯಲ್ಲಿ ನೀರು ಸರಿದಾಗ ಹುಲ್ಲು ಚಿಗುರುವ ದಂಡೆಗೆಲ್ಲ ಬೇಲಿ ಬೀಳುತ್ತಿತ್ತು. ಧರೆಪ್ಪನ ಹಿಂಡಿಗೆ ಉಳಿದಿದ್ದ ಮೇವು ಅದೊಂದೇ. ಅದೂ ಹೋದರೆ ಹಿಂಡು ಮಾರಬೇಕು. ಅಹವಾಲು ಸಭೆಯಲ್ಲಿ ಎದ್ದು ನಿಂತು ಇದನ್ನೇ ಹೇಳಿದ್ದ. ನಮೂನೆಯಲ್ಲಿ ಕುರಿಯ ಕಾಲಂ ಇಲ್ಲ ಎಂದರು. ಮತ್ತೆ ಯಾವುದಿದೆ ಎಂದು ಕೇಳಿದ. ಹಕ್ಕಿಯದು ಇದೆ, ರಾಜಹಂಸ ಕಂಡುಬಂದರೆ ಪರವಾನಗಿ ಸಿಗುವುದಿಲ್ಲ ಎಂದರು.

ಗುಲಾಬಿ ಬಣ್ಣದ ಆ ರಾಜಹಂಸಗಳೇನೋ ಆ ವರ್ಷವೂ ಬಂದಿದ್ದವು. ಆದರೆ ಅವುಗಳನ್ನು ಎಣಿಸಬೇಕೆಂಬ ಆದೇಶ ಹನ್ನೊಂದು ಮೇಜು ದಾಟಿ ಬರುವಷ್ಟರಲ್ಲಿ ಮೇ ತಿಂಗಳು ಮುಗಿಯುತ್ತ ಬಂದಿತ್ತು. ಹಕ್ಕಿಗಳು ಸರಕಾರಕ್ಕಾಗಿ ಕಾಯುತ್ತ ಕೂರಲಿಲ್ಲ, ಹಾರಿಹೋದವು. ಆ ಬಣ್ಣದ್ದೆಂದು ಊರಿನಲ್ಲಿ ಧಾರಾಳವಾಗಿ ಉಳಿದಿದ್ದದ್ದು ಗುಲಾಲು ಮಾತ್ರ. ಪಂಚಾಯಿತಿ ಚುನಾವಣೆಯಲ್ಲಿ ಗೆದ್ದೇ ಗೆಲ್ಲುತ್ತೇನೆಂದು ಈರಪ್ಪ ಮೊದಲೇ ನಾಲ್ಕು ಚೀಲ ತರಿಸಿಟ್ಟಿದ್ದ. ಬಿದ್ದದ್ದು ಹದಿನೇಳು ಓಟು. ಆ ಚೀಲಗಳು ಕಣ್ಣೆದುರಿನಿಂದ ತೊಲಗಿದರೆ ಸಾಕಾಗಿತ್ತು ಅವನಿಗೆ, ಕೇಳಿದ ಕೂಡಲೇ ಕೊಟ್ಟುಬಿಟ್ಟ.

ಧರೆಪ್ಪನ ಹೆಂಡತಿ ಹೊಳೆವ್ವ ಒಂದೇ ತಕರಾರು ತೆಗೆದಳು. ರಾಜಹಂಸಕ್ಕೆ ಉದ್ದ ಕುತ್ತಿಗೆ ಇರುತ್ತದೆ, ಕುರಿಗೆ ಎಲ್ಲಿಂದ ತರುತ್ತೀ ಎಂದಳು. ಅದನ್ನೂ ಅವನು ಯೋಚಿಸಿದ್ದ. ಮೇಯುವಾಗ ಯಾವ ಹಕ್ಕಿಯೂ ತಲೆ ಎತ್ತುವುದಿಲ್ಲ. ದಂಡೆಯ ತೆಳುನೀರಿನ ಮೇಲೆ ಶೇಂಗಾ ಹೊಟ್ಟು ಚೆಲ್ಲಿದ. ಉಣ್ಣೆ ಕತ್ತರಿಸುವ ಮೊದಲು ಹಿಂಡನ್ನು ನೀರಿಗಿಳಿಸಿ ತೊಳೆಯುವ ರೂಢಿ ಇದ್ದೇ ಇತ್ತು. ಕುರಿಗಳು ಸುಮ್ಮನೆ ಇಳಿದವು, ತಲೆ ತಗ್ಗಿಸಿದವು. ದೂರದಿಂದ ನೋಡಿದರೆ, ಬಿಸಿಲಿನ ಝಳದಲ್ಲಿ, ಬೇವರ್ಸಿ ಕುರಿಗಳು ಚಂದ ಕಾಣುತ್ತಿದ್ದವು.

ಜೀಪಿನಿಂದ ಇಳಿದವರು ಪರಿಸರ ವರದಿ ಬರೆಯುವ ಅಧಿಕಾರಿ ರಾಜೇಶ್ವರಿ ಮೇಡಂ. ಕಣ್ಣಿಗೆ ದಪ್ಪ ಕನ್ನಡಕ. ಅದನ್ನು ನೋಡಿ ಧರೆಪ್ಪನಿಗೆ ಅರ್ಧ ಜೀವ ಬಂತು. ಹತ್ತಿರ ಹೋದರೆ ಬೆದರುತ್ತವೆ ಎಂದು ಹೇಳಿ ಅರ್ಧ ಮೈಲಿ ಆಚೆಯೇ ಜಾಲಿಗಿಡದ ನೆರಳಿನಲ್ಲಿ ಕೂರಿಸಿದ. ಮೇಡಂ ದುರ್ಬೀನು ಹಿಡಿದರು. ಕೆಳಗಿಟ್ಟರು. ಕನ್ನಡಕ ಒರೆಸಿಕೊಂಡು ಮತ್ತೆ ಹಿಡಿದರು. ಆಮೇಲೆ ಧರೆಪ್ಪನತ್ತ ತಿರುಗಿದರು.

“ದಿನಾ ಬರುತ್ತವೆಯೇ?”

“ದಿನಾ ಬರತಾವ್ರಿ. ಸಂಜಿ ಆತಂದ್ರ ಹೊಳ್ಳಿ ನಮ್ಮ ಮನಿಗೆ…” ಹೊಳೆವ್ವ ಕೆಮ್ಮಿದಳು. “…ತಮ್ಮ ಮನಿಗೆ ಹೋಗತಾವ್ರಿ.”

ಆಗಲೇ ನೀರಿನ ಕಡೆಯಿಂದ ಒಂದು ರಾಜಹಂಸ ‘ಬ್ಯಾ’ ಎಂದಿತು. ಮೇಡಂ ಹುಬ್ಬೇರಿಸಿದರು.

“ಬ್ಯಾಸಗಿ ನೋಡ್ರಿ,” ಎಂದಳು ಹೊಳೆವ್ವ, “ಗಂಟಲ ಒಣಗಿರತೈತಿ.”

ಮೇಡಂ ಅದನ್ನು ಬರೆದುಕೊಂಡರು. ಆಮೇಲೆ ತಲೆ ಎತ್ತದೆ, ಮಳೆಗಾಲದಲ್ಲಿ ಇವುಗಳ ಕಾಲಿಗೆ ಹುಣ್ಣಾಗುವುದಿಲ್ಲವೇ ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಅಧಿಕಾರಿಯೊಬ್ಬರು ಅವನ ಕುರಿಗಳ ಕಷ್ಟ ವಿಚಾರಿಸಿದ್ದು ಅದೇ ಮೊದಲು. ಧರೆಪ್ಪ ಕರಗಿಹೋದ.

“ಆಗತೈತ್ರಿ ಮೇಡಂ. ಬೇವಿನೆಣ್ಣಿ ಹಚ್ಚತೇನ್ರಿ.”

ಹೊಳೆವ್ವ ಅವನ ಸೊಂಟ ಚಿವುಟಿದಳು. ಮೇಡಂ ಅದನ್ನೂ ಬರೆದುಕೊಂಡರು. ತುಟಿಯಲ್ಲೇ ಜೋಡಿ ಜೋಡಿಯಾಗಿ ಎರಡು ಸಲ ಎಣಿಸಿದರು, ಹೊಳೆವ್ವ ಕೊಟ್ಟ ಮಜ್ಜಿಗೆ ಕುಡಿದರು, ಜೀಪು ಹತ್ತಿದರು. ಇಂಥ ಭೋಳೇ ಹೆಂಗಸಿಗೆ ಸಂಬಳ ಕೊಡುವ ಸರಕಾರದ ಬಗ್ಗೆ ಧರೆಪ್ಪನಿಗೆ ಕನಿಕರ ಹುಟ್ಟಿತು.

ಮೂರು ತಿಂಗಳಿಗೆ ಆದೇಶ ಬಂತು. ಪಂಚಾಯಿತಿ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಗುಮಾಸ್ತ ದಶರಥ ಓದಿದ. ಕಲಂ ಒಂದು: ರಾಜಹಂಸಗಳು ಕಂಡುಬಂದಿರುವುದರಿಂದ ಗಾಳಿಯಂತ್ರಗಳಿಗೆ ಪರವಾನಗಿ ನಿರಾಕರಿಸಲಾಗಿದೆ. ಜನ ಕುಣಿದರು. ಉಳಿದಿದ್ದ ಗುಲಾಲನ್ನು ಈರಪ್ಪ ತನ್ನ ಮೇಲೆ ತಾನೇ ಎರಚಿಕೊಂಡ.

ಕಲಂ ಎರಡು: ಸದರಿ ದಂಡೆಯನ್ನು ಪಕ್ಷಿಗಳಿಗಾಗಿ ಕಾಯ್ದಿರಿಸಲಾಗಿದೆ. ಜಾನುವಾರುಗಳಿಗೆ ಪ್ರವೇಶವಿಲ್ಲ.

ಕುಣಿತ ನಿಂತಿತು. ಧರೆಪ್ಪ ಕಟ್ಟೆಯ ಮೆಟ್ಟಿಲ ಮೇಲೆ ಕುಸಿದ. ಕಂಪನಿಯ ಬೇಲಿಯಾಗಿದ್ದರೆ ಎಲ್ಲೋ ಒಂದು ಕಡೆ ಸಂದಾದರೂ ಸಿಗುತ್ತಿತ್ತು. ಈಗ ತಾನೇ, ತನ್ನ ಕೈಯಾರೆ, ತನ್ನ ಕುರಿಗಳ ಬಾಯಿಗೆ ಮಣ್ಣು ಹಾಕಿದ್ದ. ಎಲ್ಲರೆದುರೇ ಅತ್ತ. ಹೊಳೆವ್ವ ಬೈಯಲಿಲ್ಲ, ಪಕ್ಕದಲ್ಲಿ ಬಂದು ಕೂತಳು.

ಕಲಂ ಮೂರು: ಅನುಬಂಧದಲ್ಲಿ ಕಾಣಿಸಿದ ಪಕ್ಷಿಗಳು ಈ ದಂಡೆಯಲ್ಲಿ ವರ್ಷವಿಡೀ ಮೇಯಲು ಸ್ವತಂತ್ರವಾಗಿರುತ್ತವೆ. ಅವುಗಳನ್ನು ತಡೆದವರ ಮೇಲೆ ಕ್ರಮ ಜರುಗಿಸಲಾಗುವುದು.

“ಹಕ್ಕಿಗರೆ ಛಲೋ ಆತು ಬಿಡ,” ಎಂದ ಧರೆಪ್ಪ, ಮೂಗು ಒರೆಸಿಕೊಳ್ಳುತ್ತ. “ನಮ್ಮ ಕುರಿ ಎಲ್ಲಿ ಹೋಗಬೇಕು?”

ದಶರಥ ಅನುಬಂಧದ ಹಾಳೆ ತೆಗೆದ. ಕೆಳಗೆ ಹನ್ನೊಂದು ಅಧಿಕಾರಿಗಳ ಸಹಿ ಸಾಲಾಗಿ ಬಿದ್ದಿತ್ತು. ಮೊದಲು ಮನಸ್ಸಿನಲ್ಲೇ ಓದಿಕೊಂಡ. ಕುರ್ಚಿಯಿಂದ ಎದ್ದು ನಿಂತ. ಆಮೇಲೆ ಗಟ್ಟಿಯಾಗಿ ಓದಿದ:

“ರಾಜಹಂಸ, ಇನ್ನೂರ ಹನ್ನೆರಡು. ಸಾಕಿದವರು ಧರೆಪ್ಪ. ಅವುಗಳ ಪೈಕಿ ಟಗರು ಒಂಬತ್ತು.”